ಎರಡನೆಯ ಬಾಗಿಲಿನ ಕಾಕಾ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಕಡಲೆ ಒಕ್ಕುವುದು ಮುಗಿಯಲಿ ಎಂದೆ, ಮುಗಿಯಿತು. ಕಣ್ಣಿನ ಆಪರೇಶನ್ ಆಗಲಿ ಎಂದೆ, ಆಯಿತು. ಈಗ ಕನ್ನಡಕ ಹಾಕಿಕೊಂಡರೆ ಅಂಗಳದ ಇರುವೆಯೂ ಕಾಣುತ್ತದೆ, ನೆಪ ಮಾತ್ರ ಒಂದೂ ಕಾಣುತ್ತಿಲ್ಲ. ಹೋದ ವಾರ ನಮ್ಮೂರ ಸಮುದಾಯ ಭವನದ ಸಭೆ ಮುಗಿಸಿ ಬಂದವನಿಗೆ ಇನ್ನೂ ಎದೆ ಡವಡವ ಎನ್ನುತ್ತಿದೆ. ಹೆದರಿಕೆಯಿಂದಲ್ಲ, ಹುರುಪಿನಿಂದ. ಈ ವಯಸ್ಸಿನಲ್ಲಿ ಇಷ್ಟು ಹುರುಪು ಬರಬಾರದು ಎಂದು ಹೆಂಡತಿ ಬೈಯುತ್ತಾಳೆ. ಈ ಹುರುಪು ಇಳಿಯುವುದರೊಳಗೆ ಬರೆದು ಮುಗಿಸಬೇಕು.

ಬರೆಯಬೇಕಾದದ್ದು ಒಂದು ಬೆರಳಿನ ಬಗ್ಗೆ, ಆ ಬೆರಳಿನ ಮನುಷ್ಯನ ಬಗ್ಗೆ.

ಕಾಕಾ ಅವರ ಬಲಗೈಯ ನಡುಬೆರಳಿನ ಗೆಣ್ಣು ಶೇಂಗಾಕಾಯಿಯ ಹಾಗೆ ಉಬ್ಬಿತ್ತು. ಮೊರಬದಿಂದ ನಮ್ಮೂರಿಗೆ ಬರುವ ಬಸ್ಸು ನಿಲ್ಲುವ ಕಡೆಯೇ ಅವರ ಭಾಂಡೆ ಬಾಡಿಗೆಯ ಅಂಗಡಿ. ಮದುವೆ, ಸೀಮಂತ, ತಿಥಿ, ಉರುಸು, ಯಾರ ಮನೆಯಲ್ಲಿ ಪಂಕ್ತಿ ಕೂತರೂ ಡಬರಿ, ಪರಾತ, ಸೌಟು ಎಲ್ಲ ಅಲ್ಲಿಂದಲೇ ಬರಬೇಕು. ಭಾಂಡೆ ವಾಪಸು ಬಂದಾಗ ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ಅನ್ನ ಬೇಯಿಸುವ ಡಬರಿಯನ್ನು ಬೋರಲು ಹಾಕಿ, ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ತಲೆ ಓರೆ ಮಾಡಿ ಕೇಳುತ್ತಿದ್ದರು. ಗಟ್ಟಿ ಡಬರಿ ಗಂಟೆಯ ಹಾಗೆ ಹಾಡುತ್ತಿತ್ತು. ಸೀಳು ಬಿಟ್ಟದ್ದು ಕೆಮ್ಮುತ್ತಿತ್ತು.

ಈ ಚಟ ಡಬರಿಗೆ ನಿಂತಿದ್ದರೆ ನನಗೂ ಅವರಿಗೂ ತಂಟೆಯೇ ಇರುತ್ತಿರಲಿಲ್ಲ. ಅವರು ಮನುಷ್ಯರ ಮಾತನ್ನೂ ಹೀಗೆಯೇ ಬಡಿದು ನೋಡುತ್ತಿದ್ದರು. ಚಹಾದಂಗಡಿಯಲ್ಲಿ ಯಾರಾದರೂ ಒಂದು ವಾದ ಹೂಡಿದರೆ ಸಾಕು, ಬೆಂಚಿನ ಮೇಲೆ ಟಕ್ ಟಕ್. ಆಮೇಲೆ ತೀರ್ಪು, "ಗಟ್ಟಿ ಐತಿ" ಅಥವಾ "ಟೊಳ್ಳೈತಿ." ಊರಿನ ಹುಡುಗರು ಅವರನ್ನು ಟಕಟಕ ಕಾಕಾ ಎಂದೇ ಕರೆದರು. ಹೆಸರು ಬೇರೆ ಇತ್ತು. ಅದನ್ನು ಕೊನೆಗೆ ಬರೆಯುತ್ತೇನೆ, ಕಾರಣವಿದೆ.

ಒಂದು ಸಲ ನನ್ನ ಗೆಳೆಯ ರುದ್ರಪ್ಪ ಮೀಸೆ ತಿರುವುತ್ತ ಹೇಳಿದ, "ನಮ್ಮ ಅಜ್ಜ ದಿನಾ ವಾಟೆಗಟ್ಟಲೆ ತುಪ್ಪಾ ಕುಡೀತಿದ್ದ. ತೊಂಬತ್ತು ದಾಟಿದ. ತುಪ್ಪಾ ತಿಂದಾವ್ರು ಭಾಳ ವರ್ಷ ಬದಕ್ತಾರ, ಬರಕೋರಿ."

ಟಕ್ ಟಕ್. "ಟೊಳ್ಳೈತಿ, ರುದ್ರಪ್ಪ."

"ಯಾಕ ಕಾಕಾ? ನಮ್ಮ ಅಜ್ಜ ಸುಳ್ಳೇನು?"

"ನಿಮ್ಮ ಅಜ್ಜ ಖರೆ. ಆದ್ರ ತುಪ್ಪಾ ತಿಂದು ನಲವತ್ತಕ್ಕ ಹ್ವಾದಾವ್ರನ್ನ ಚಾಕ್ಕ ಕರದು ಕೇಳಿಯೇನು? ಅವರು ಬರೂದಿಲ್ಲ. ಉಳದಾಂವ ಒಬ್ಬ ಬಂದು ಮೀಸಿ ತಿರವ್ತಾನ, ನಾವು ಅವನ ಮಾತ ಕೇಳ್ತೀವಿ."

"ಹಂಗಾರ ತುಪ್ಪಾ ಬ್ಯಾಡಂತಿ?"

"ನಾ ಎಲ್ಲಿ ಅಂದೆ? ನನಗೂ ಹೋಳಿಗಿ ಮ್ಯಾಲ ತುಪ್ಪಾ ಬೇಕ. ತುಪ್ಪಾ ಛಲೋ ಇರಬಹುದು, ನಿನ್ನ ಕಾರಣ ಛಲೋ ಇಲ್ಲ. ಮಾತು ಖರೆ ಇದ್ರ ಸಾಲೂದಿಲ್ಲೋ ತಮ್ಮಾ, ಕಾರಣನೂ ಖರೆ ಇರಬೇಕು."

ಇದು ಅವರ ಮಂತ್ರ. ತಮ್ಮ ಕಡೆಗೆ ನಿಂತವರನ್ನೂ ಅವರು ಬಿಡುತ್ತಿರಲಿಲ್ಲ. ಭಾಂಡೆಯ ಬಾಡಿಗೆ ಏರಿಸಬೇಕೆಂದು ಅವರ ಮಗನೇ ವಾದಿಸಿದಾಗ ಗಿರಾಕಿಗಳ ಎದುರಿಗೇ ಗಲ್ಲಾಪೆಟ್ಟಿಗೆಯ ಮೇಲೆ ಟಕ್ ಟಕ್ ಎನಿಸಿ, "ಟೊಳ್ಳೈತಿ ಬೇಟಾ, ಬ್ಯಾರೆ ಕಾರಣ ಹುಡಕ್ಕೊಂಡು ಬಾ" ಎಂದು ಕಳಿಸಿದ್ದರು. ಮಗ ಬೇರೆ ಕಾರಣ ತಂದ. ಬಾಡಿಗೆ ಏರಿತು.

ನನ್ನ ಹೆಸರು ಶೇಕಪ್ಪ, ಎಸ್ಸೆಸ್ಸೆಲ್ಸಿ ಪಾಸಾದವನು. ನಮ್ಮ ವಾರಿಗೆಯಲ್ಲಿ ಅದು ದೊಡ್ಡದು. ಪೇಪರ್ ಓದಿ ನಾಲ್ಕು ಜನಕ್ಕೆ ಹೇಳುವವನು, ಊರಿನ ಪ್ರತಿ ಮದುವೆಯಲ್ಲಿ ಊಟದ ಬಾಗಿಲು ಕಾಯುವವನು. ಈ ಬಾಗಿಲು ಕಾಯುವ ಕೆಲಸ ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಮದುವೆಯೆಂದರೆ ಊರಿಗೆ ಊರೇ ಬರುತ್ತದೆ. ಒಂದು ಪಂಕ್ತಿ ತುಂಬಿದ ಕೂಡಲೆ ಗಟ್ಟಿಮುಟ್ಟಾದ ಒಬ್ಬ ಹಿರಿಯ ಊಟದ ಜಾಗದ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿ ನಿಲ್ಲಬೇಕು. ಇಲ್ಲವಾದರೆ ಉಣ್ಣುವವರ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ನಿಂತು, "ಇನ್ನೂ ಮಜ್ಜಿಗಿ ಬಂದಿಲ್ಲೇನ್ರಿ?" ಎಂದು ತಲೆಯ ಮೇಲೆ ಉಸಿರು ಬಿಡುತ್ತಾರೆ. ನಾನು ಚಿಲಕ ಹಾಕಿ ನಿಂತೆನೆಂದರೆ ತಾಲೂಕು ಪಂಚಾಯಿತಿ ಸದಸ್ಯರೂ ಬಿಸಿಲಲ್ಲಿ ಕಾಯಬೇಕು. ಅದು ನನ್ನ ದೊಡ್ಡಸ್ತಿಕೆ.

ಊರಿಗೆ ಸಮುದಾಯ ಭವನ ಕಟ್ಟುವುದು ಎಂದಾಯಿತು. ನಾನೇ ಕಮಿಟಿಯ ಅಧ್ಯಕ್ಷ. ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರ್ ಹೆಣ್ಣುಮಗಳು ನಕ್ಷೆ ಹಿಡಿದುಕೊಂಡು ಬಂದಳು. ಶಾಲೆಯ ಪಡಸಾಲೆಯಲ್ಲಿ ಸಭೆ. ನಕ್ಷೆಯಲ್ಲಿ ಊಟದ ಹಾಲ್‌ಗೆ ಎರಡು ಬಾಗಿಲು, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಎರಡೂ ಹೊರಗಡೆಗೆ ತೆರೆಯಬೇಕು, ಹೊರಗೆ ಚಿಲಕ ಇರಬಾರದು. ಚಾವಣಿಗೆ ನೀರು ಚಿಮ್ಮುವ ಪೈಪು. ಹೊರಗೆ ಚಿಲಕ ಬೇಡವೆಂದರೆ ನಾನೇ ಬೇಡವೆಂದ ಹಾಗೆ. ನನಗೆ ಮೈ ಉರಿಯಿತು.

ಮೊದಲು ಪೈಪಿನ ಮೇಲೆ ಬಿದ್ದೆ. "ಯವ್ವಾ, ನಮ್ಮೂರಾಗ ನಳದ ನೀರು ಬಂದ ದಿನಾ ಹಬ್ಬ ಇದ್ದಂಗ. ಬೆಂಕಿ ಬಿದ್ದಾಗ ನಿನ್ನ ಪೈಪಿನಾಗ ಏನ ಬರತೈತಿ, ಗಾಳಿ?"

ಕಾಕಾ ಶಾಲೆಯ ಮೇಜನ್ನು ಬಡಿದರು. "ಗಟ್ಟಿ ಐತಿ. ಶೇಕಪ್ಪ ಹೇಳೂದು ಗಟ್ಟಿ ಐತಿ. ನೀರಿಲ್ಲದ ಪೈಪು ಧೈರ್ಯಾ ಕೊಡತೈತಿ, ನೀರು ಕೊಡೂದಿಲ್ಲ. ಅದರ ಬದಲಿ ನೆಲಕ್ಕ ಒಂದು ತೊಟ್ಟಿ ಕಟ್ಟಸ್ರಿ."

ನಾನು ಉಬ್ಬಿಹೋದೆ. ಅವರ ಬಾಯಿಂದ ಆ ಮಾತು ಬಂದರೆ ಊರಲ್ಲಿ ಪದಕ ಬಂದ ಹಾಗೆ. ಆ ಉಬ್ಬಿನಲ್ಲೇ ಬಾಗಿಲಿನ ಮಾತಿಗೆ ಬಂದೆ.

"ಇನ್ನ ಬಾಗಲಾ. ನಮ್ಮ ಹಿರ್ಯಾರ ಕಾಲದಿಂದ ಮದವಿ ಆಗ್ಯಾವು. ಒಂದರೆ ಮದವಿಗೆ ಬೆಂಕಿ ಬಿದ್ದು ಯಾರರೆ ಸತ್ತಾರೇನು? ಇಲ್ಲ. ಮತ್ತ ಎರಡು ಬಾಗಲಾ ಯಾಕ?"

ಟಕ್ ಟಕ್. ಕಾಕಾ ತಲೆ ಓರೆ ಮಾಡಿದರು. "ಟೊಳ್ಳೈತಿ. ಹಿರ್ಯಾರ ಮದವಿ ಎಲ್ಲಿ ಆದುವೋ? ಹಂದರದಾಗ. ಹಂದರಕ್ಕ ನಾಕೂ ಕಡೆ ಬಾಗಲಾ. ಬೆಂಕಿ ಬಿದ್ರ ಯಾ ಕಡಿಗೆ ಓಡಿದ್ರೂ ಹೊಲಾ. ನೀ ಹಂದರದ ಲೆಕ್ಕಾ ತಂದು ಗ್ವಾಡಿಗೆ ಹಚ್ಚಾಕತ್ತಿ."

ಪಡಸಾಲೆಯಲ್ಲಿ ಗುಜುಗುಜು. ರುದ್ರಪ್ಪ ನನ್ನ ಸಹಾಯಕ್ಕೆ ಬಂದ. "ಒಂದ ಬಾಗಲಾ ಅಂತ ಯಾರ ಹೇಳಿದ್ರು? ಅಡಗಿ ಮನಿ ಕಡಿಗೆ ಒಂದು ಐತೆಲ್ಲಾ?"

"ಬೆಂಕಿ ಹುಟ್ಟೂದ ಅಡಗಿ ಮನ್ಯಾಗ. ಹುಲಿ ಬಂತಂತ ಹುಲಿ ಬಾಯಾಗ ಓಡ್ತೀಯೇನು?"

"ದಕ್ಷಿಣಕ್ಕ ಬಾಗಲಾ ಇಡಬಾರದು ಕಾಕಾ. ಅದು ಯಮನ ದಿಕ್ಕು."

"ಅದು ಯಮಾ ಬರೂ ಬಾಗಲಾ ಅಲ್ಲೋ, ಯಮಾ ಒಳಗ ಬಂದಾಗ ನಾವು ಹೋಗೂ ಬಾಗಲಾ!"

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಆಗ ಕಾಕಾ ಕೈ ಎತ್ತಿ ನಗುವವರನ್ನೇ ಗದರಿಸಿದರು. "ತಡೀರಿ. ನೀವು ನಕ್ಕೀರಂತ ನಾ ಗೆದ್ದಂಗಲ್ಲ. ನಗಿ ಕಾರಣ ಅಲ್ಲ. ಅವನ ನಂಬಿಕಿ ಅವನದು. ದಕ್ಷಿಣ ಬ್ಯಾಡಂದ್ರ ಪೂರ್ವಕ್ಕ ಇಡ್ರಿ. ಎರಡು ಇದ್ರ ಮುಗೀತು."

ಹೀಗೆ ತಾನೇ ಗೆದ್ದ ಜಾಗದಲ್ಲಿ ನಿಂತು ತನ್ನ ಗೆಲುವನ್ನೇ ಒಪ್ಪದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಂಜಿನಿಯರ್ ಹೆಣ್ಣುಮಗಳಿಗೆ ಖುಷಿಯಾಯಿತು. "ನೋಡ್ರಿ, ಕಾಕಾರು ಹೇಳಿದ್ದ ಖರೆ. ಎರಡು ಬಾಗಲಾ ಬೇಕ್ರಿ, ಅವೂ ಹೊರಗ ತಗಿಯೂವಂಥಾವು. ನಿಯಮದಾಗ ಐತ್ರಿ" ಎಂದಳು.

ಕಾಕಾ ಅವಳ ಕಡೆ ತಿರುಗಿದರು. ಟಕ್ ಟಕ್. "ಹೊರಗ ಯಾಕ ತಗೀಬೇಕವ್ವಾ?"

"ನಿಯಮ ಹಂಗೈತ್ರಿ."

"ನಿಯಮ ಹಂಗ್ಯಾಕೈತಿ?"

ಅವಳಿಗೆ ಹೇಳಲು ಬರಲಿಲ್ಲ. ಓದಿದ್ದಳು, ಯಾಕೆಂದು ಯಾರೂ ಹೇಳಿರಲಿಲ್ಲವೋ ಏನೋ. "ಯಾಕಂತ ಗೊತ್ತಿಲ್ಲದ ನಿಯಮಾನ ಮಂದಿ ಯಾಕಂತ ಗೊತ್ತಿಲ್ಲದನ ಮುರೀತಾರ. ಟೊಳ್ಳೈತಿ ತಂಗಿ, ಸಿಟ್ಟಾಗಬ್ಯಾಡ" ಎಂದರು. ಹುಡುಗಿಯ ಮುಖ ಕೆಂಪಾಯಿತು. ನಮ್ಮಲ್ಲಿ ಮನೆಯ ಬಾಗಿಲು ಒಳಗೆ ತೆರೆಯುವುದೇ ರೂಢಿ, ಲಕ್ಷ್ಮಿ ಒಳಗೆ ಬರಬೇಕು, ಹೊರಗೆ ನೂಕಿಸಿಕೊಳ್ಳಬಾರದು. ಹಾಗಾಗಿ ಹೊರಗೆ ತೆರೆಯುವ ಮಾತು ಅಲ್ಲಿಗೇ ಬಿತ್ತು.

ಉಳಿದದ್ದು ಎರಡನೆಯ ಬಾಗಿಲು ಮತ್ತು ಚಿಲಕ. ಕಾಕಾ ಎದ್ದು ನಿಂತು, ಒಳಗೆ ತುಂಬಿದ ಪಂಕ್ತಿ, ಹೊರಗೆ ಚಿಲಕ, ಅಡುಗೆಮನೆಯಲ್ಲಿ ಸಿಲಿಂಡರು, ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ತೋರಿಸಿದರು. ಜನ ಒಬ್ಬೊಬ್ಬರೇ ತಲೆದೂಗತೊಡಗಿದರು. ನನ್ನ ಕೈಯಿಂದ ಬಾಗಿಲು ಹೋಗುತ್ತಿತ್ತು.

ಆಗ ನಾನು ಆ ಮಾತು ಆಡಿದೆ.

"ಇಂವಾ ಯಾಕ ಇಷ್ಟು ಅಡ್ಡಗಾಲು ಹಾಕ್ತಾನ ಗೊತ್ತೇನ್ರಿ? ಭವನ ಆದ್ರ ಭಾಂಡೆನೂ ಭವನದ್ದ ಬರ್ತಾವು. ಇವನ ಬಾಡಿಗಿ ಅಂಗಡಿಗೆ ಕೀಲಿ ಬೀಳತೈತಿ. ಇಂವಗ ಬೆಂಕಿ ಹೆದರಿಕಿ ಅಲ್ಲ, ಹೊಟ್ಟಿ ಹೆದರಿಕಿ. ಡಬರಿ ಬಡಿಯಾಂವ ಊರ ಬುದ್ಧಿ ಬಡಿಯಾಕ ಬಂದಾನ!"

ಹಿರಿಯರಾದ ಅವರನ್ನು ನಾಲ್ಕು ಜನರ ಎದುರು "ಇಂವಾ" ಎಂದೆ. ರುದ್ರಪ್ಪ ಹೋ ಎಂದು ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು. ಈ ಸಲ ನಗುವನ್ನು ತಡೆಯುವವರು ಯಾರೂ ಇರಲಿಲ್ಲ. ಕಾಕಾ ಅವರ ಕೈ ಮೇಜಿನ ಮೇಲೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. ಬೆರಳು ಏಳಲಿಲ್ಲ. ಅವರು ಟೊಪ್ಪಿಗೆ ಸರಿ ಮಾಡಿಕೊಂಡು ಕೂತುಬಿಟ್ಟರು. ಒಂದೇ ಬಾಗಿಲು ಎಂದು ಠರಾವಾಯಿತು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಕಾಕಾ! ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತ ಕೂತಿದ್ದಾರೆ, ಏನೂ ಆಗದವರ ಹಾಗೆ.

"ರಾತ್ರೆಲ್ಲಾ ನಿನ್ನ ಮಾತು ಬಡದು ನೋಡಿದೆ ಶೇಕಪ್ಪ. ನನ್ನ ಧಂಧೆ ಸಲುವಾಗಿ ಹೇಳ್ತೀನಿ ಅಂದಿ. ಅರ್ಧಾ ಖರೆ ಇರಬಹುದು, ಹೊಟ್ಟಿ ಯಾರಿಗಿಲ್ಲ? ಆದ್ರ ಒಂದು ಮಾತು. ಸುಳ್ಳಗಾರ ಬಂದು ಮಳಿ ಬಂತು ಅಂದ್ರ ಹೊರಗ ಕೈ ಚಾಚಿ ನೋಡಬೇಕೋ, ಅವನ ಮಾರಿ ನೋಡಬೇಕೋ?"

ಒಳಗಿನಿಂದ ಹೆಂಡತಿ, "ಕೈ ಚಾಚಬೇಕ್ರಿ ಕಾಕಾ, ಆದ್ರ ಇವರ ಕೈ ಚಿಲಕಾ ಬಿಡೂದಿಲ್ಲ!" ಎಂದಳು.

"ಅದಕ್ಕ ಬಂದೇನಿ. ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಕಟ್ಟಡ ಮುಗೀಲಿ. ಒಂದು ದಿನಾ ಮೆಣಸಿನಕಾಯಿ ಕೇಳೂಣು."

ಕಟ್ಟಡ ಮುಗಿಯಿತು. ಉತ್ತರದ ಬಾಗಿಲಿಗೆ ರೂಢಿಯಂತೆ ಒಳಗೆ ತೆರೆಯುವ ತೇಗದ ಕದ, ಹೊರಗೆ ಹಿತ್ತಾಳೆಯ ಚಿಲಕ. ಉದ್ಘಾಟನೆಗೆ ಮುಂಚೆ ಒಂದು ಮಧ್ಯಾಹ್ನ ಪರೀಕ್ಷೆ. ಊರಿಗೆ ಸುದ್ದಿ ಹಬ್ಬಿ, ನಾ ಮುಂದೆ ತಾ ಮುಂದೆ ಎಂದು ಗಂಡಸರು ಬಂದು ಊಟಕ್ಕೆ ಕೂತ ಹಾಗೆ ಸಾಲಾಗಿ ಕೂತರು. ಮುದುಕರು ಮಕ್ಕಳು ಬೇಡ, ದಮ್ಮಿನವರು ಬೇಡ ಎಂದು ಕಾಕಾ ಬಾಗಿಲಲ್ಲೇ ನಿಂತು ಆರಿಸಿ ಕಳಿಸಿದರು. ನಾನು ಜಿದ್ದಿಗೆ ಬಿದ್ದು ಒಳಗೇ ಕೂತೆ. ಹೊರಗೆ ಚಿಲಕಕ್ಕೆ ರುದ್ರಪ್ಪ.

ಕರಾರು ಸರಳ. ಕಾಕಾ ಅಡುಗೆಮನೆಯಲ್ಲಿ ಕೆಂಡದ ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ ಹಾಕುತ್ತಾರೆ. ಬೆಂಕಿಯಿಲ್ಲ, ಬರೀ ಘಾಟು. ಒಳಗಿನವರು ಕೂಗಿದ ಕೂಡಲೆ ರುದ್ರಪ್ಪ ಚಿಲಕ ತೆಗೆಯಬೇಕು. ಎಲ್ಲರೂ ಸುಸೂತ್ರ ಹೊರಗೆ ಬಂದರೆ ನಾನು ಗೆದ್ದ ಹಾಗೆ. ಚಿಲಕ ತೆಗೆಯುವಷ್ಟರಲ್ಲಿ ಪಜೀತಿ ಆದರೆ ಕಾಕಾ ಗೆದ್ದ ಹಾಗೆ.

ಕುಂದಗೋಳದ ಕಡೆಯ ಮೆಣಸಿನಕಾಯಿ ಅದು, ನೋಡಲು ಕೆಂಪು ರೇಶಿಮೆ. ಕೆಂಡಕ್ಕೆ ಬಿದ್ದದ್ದೇ ತಡ, ಅಡುಗೆಮನೆಯಿಂದ ಒಂದು ಗಾಳಿ ಬಂತು. ಮೊದಲು ಯಾರೋ ಸೀನಿದರು. ನಗೆ. ಆಮೇಲೆ ನಾಲ್ಕು ಜನ ಕೆಮ್ಮಿದರು. ಇನ್ನೂ ನಗೆ. ಆಮೇಲೆ ಯಾರೂ ನಗಲಿಲ್ಲ. ಗಂಟಲಿಗೆ ಸೂಜಿ ಚುಚ್ಚಿದ ಹಾಗೆ, ಕಣ್ಣು ತೆರೆಯಲಾಗದ ಹಾಗೆ. ಒಬ್ಬ ಎದ್ದ, ಎಲ್ಲರೂ ಎದ್ದೆವು.

"ಚಿಲಕಾ ತಗೀಲೇ ರುದ್ರಪ್ಪ!"

ಅವನು ತೆಗೆದ. ತಕ್ಷಣ ತೆಗೆದ, ಅದನ್ನು ನಾನು ಕಿವಿಯಾರೆ ಕೇಳಿದೆ. ಆದರೆ ಬಾಗಿಲು ತೆರೆಯಲಿಲ್ಲ! ಮುಂದಿದ್ದವರು ಕದಕ್ಕೆ ಅಂಟಿಕೊಂಡಿದ್ದರು, ಹಿಂದಿದ್ದವರು ಅವರನ್ನು ನೂಕುತ್ತಿದ್ದರು. ಕದ ಒಳಗೆ ಬರಬೇಕು, ಒಳಗೆ ಬರಲು ಜಾಗವಿಲ್ಲ. ಹೊರಗಿನಿಂದ ರುದ್ರಪ್ಪ ದೂಡುತ್ತಿದ್ದ, ಒಳಗಿನಿಂದ ನಾವು ದೂಡುತ್ತಿದ್ದೆವು. ಅವನು, "ಹಿಂದ ಸರೀರಿ!" ಎಂದ. ನಾವು, "ತಗೀಲೇ ಮಗನ!" ಎಂದೆವು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು, ಅತ್ತ ಒಬ್ಬನೂ ತಿರುಗಲಿಲ್ಲ. ಕಮಿಟಿಯ ಅಧ್ಯಕ್ಷನಾದ ನಾನು ಯಾರದೋ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದು ಮುಂದೆ ನುಗ್ಗಿದ್ದು ನನಗೆ ನೆನಪಿದೆ. ಬೆಂಕಿ ಇಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಹಾಗೆ ಮಾಡಿದೆ.

ಆಗ ಹಿಂದಿನಿಂದ ನನ್ನ ಧೋತರಕ್ಕೆ ಒಂದು ಕೈ ಬಿತ್ತು. ಕೆಂಡದ ಮೇಲೆ ನೀರು ಸುರಿದು, ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಕಾಕಾ ಅಡುಗೆಮನೆಯ ಕಡೆಯಿಂದ ಬಂದಿದ್ದರು. ಧೋತರ, ಅಂಗಿ, ಕೈಗೆ ಸಿಕ್ಕದ್ದನ್ನು ಹಿಡಿದು ಒಬ್ಬೊಬ್ಬರನ್ನೇ ಹಿಂದಕ್ಕೆ ಎಳೆದರು. ಕದಕ್ಕೆ ಜಾಗವಾಯಿತು. ನಾವು ಅಂಗಳಕ್ಕೆ ಉರುಳಿದೆವು, ಮೂಗು ಕಣ್ಣು ಸುರಿಸುತ್ತ, ಬೇವಿನ ಮರದ ಕೆಳಗೆ ಸಾಲಾಗಿ ಕೂತು ಆಕಳ ಕರುಗಳ ಹಾಗೆ ಉಸಿರು ಬಿಟ್ಟೆವು.

ಗೆದ್ದೆ ಎಂದು ಕುಣಿಯುತ್ತಾರೆ ಎಂದುಕೊಂಡಿದ್ದೆ. ಕುಣಿದರು ನಿಜ. ಬೇರೆ ಕಾರಣಕ್ಕೆ! ಕದವನ್ನು ಒಳಗೆ ಹೊರಗೆ ಆಡಿಸಿ ನೋಡಿ, ತಮ್ಮ ಹಣೆಯ ಮೇಲೆಯೇ ಟಕ್ ಟಕ್ ಬಡಿದುಕೊಂಡರು.

"ಟೊಳ್ಳು! ನನ್ನ ಮಾತೂ ಟೊಳ್ಳೋ ಶೇಕಪ್ಪ! ನಾ ಚಿಲಕಾ ಚಿಲಕಾ ಅಂತ ಒದರಿದೆ. ಚಿಲಕಾ ತಗದ್ರೂ ಬಾಗಲಾ ತಗೀಲಿಲ್ಲ! ಅದು ಯಾ ಕಡಿಗೆ ತಗೀತೈತಿ ಅನ್ನೂದರಾಗ ಎಲ್ಲಾ ಐತಿ. ಆ ಹೆಣ್ಮಗಳು ಹೇಳಿದ್ದು ಖರೆ ಇತ್ತು. ಕಾರಣ ಹೇಳಲಿಲ್ಲ ಅಂತ ನಾ ಖರೇನ ಒಗದುಬಿಟ್ಟೆ. ಎಂಥಾ ಹುಂಬ ನಾನು!"

ಕಣ್ಣಲ್ಲಿ ಮೆಣಸಿನಕಾಯಿಯ ನೀರು, ಬಾಯಿ ತುಂಬ ನಗು. ತಾನು ತಪ್ಪಿದ್ದು ಸಿಕ್ಕಿತೆಂದು ಕಳೆದ ಎತ್ತು ಸಿಕ್ಕಷ್ಟು ಸಂತೋಷಪಡುವ ಮನುಷ್ಯ! ಮಾರನೆಯ ದಿನ ಬೆಳಗಿನ ಬಸ್ಸಿಗೇ ಹುಬ್ಬಳ್ಳಿಗೆ ಹೋಗಿ, ಆ ಹೆಣ್ಣುಮಗಳ ಆಫೀಸು ಹುಡುಕಿ, ಎಲ್ಲರ ಮುಂದೆ, "ತಂಗಿ, ನಿನ್ನ ಮಾತು ಗಟ್ಟಿ ಇತ್ತು, ನಾ ತಪ್ಪಿದೆ. ಯಾಕ ತಪ್ಪಿದೆ ಅಂದ್ರ..." ಎಂದು ಮೆಣಸಿನಕಾಯಿಯ ಕಥೆ ಪೂರ್ತಿ ಹೇಳಿ ಬಂದರು. ಅವಳು ಚಹಾ ಕುಡಿಸಿ ಬಸ್ಸಿಗೆ ಹತ್ತಿಸಿದಳಂತೆ.

ನಾನು ಅದೇ ಊರಲ್ಲಿ, ನಾಲ್ಕು ಮನೆ ಆಚೆ ಇದ್ದೆ. ನನಗೆ ಬಸ್ಸೂ ಬೇಕಿರಲಿಲ್ಲ.

ಗೋಡೆ ಒಡೆದು ಪೂರ್ವಕ್ಕೆ ಎರಡನೆಯ ಬಾಗಿಲು ಮಾಡಿಸಿದೆವು. ಎರಡೂ ಕದ ಹೊರಗಡೆಗೆ. ಹಿತ್ತಾಳೆಯ ಚಿಲಕ ಕಿತ್ತೆವು. ಸಿಲಿಂಡರು ಅಡುಗೆಮನೆಯ ಹಿಂದಿನ ಗೋಡೆಯಾಚೆಗೆ ಹೋಯಿತು. ಉದ್ಘಾಟನೆಯ ದಿನ ಮೈಕಿನ ಮುಂದೆ ನಿಂತು ನಾನು ಹೇಳಿದೆ, "ಈ ಭವನಕ್ಕೆ ಎರಡು ಬಾಗಿಲು ಇರಬೇಕು, ಅವು ಹೊರಗೆ ತೆರೆಯಬೇಕು ಎಂದು ನಾನು ಪಟ್ಟು ಹಿಡಿದೆ." ಚಪ್ಪಾಳೆ. ಮುಂಬಾಗಿಲ ಪಕ್ಕದ ಕಲ್ಲಿನಲ್ಲಿ ದುಡಿದವರ ಹೆಸರು ಕೆತ್ತಿಸಿದೆವು. ಕಾಕಾನ ಹೆಸರು ಹಾಕೋಣವೇ ಎಂದು ರುದ್ರಪ್ಪನೇ ಕೇಳಿದ. "ಕಲ್ಲಿನಾಗ ಜಾಗಾ ಇಲ್ಲ" ಎಂದೆ.

ಕಾಕಾ ಹಿಂದಿನ ಸಾಲಿನಲ್ಲಿ ಕೂತು ನನ್ನ ಭಾಷಣ ಕೇಳಿದ್ದರು. ಮುಗಿದ ಮೇಲೆ ಹತ್ತಿರ ಬಂದರು. ಈಗ ಬಂತು ಎಂದುಕೊಂಡು ಮೈ ಬಿಗಿ ಹಿಡಿದೆ.

"ಭಾಷಣ ಛಲೋ ಆತು. ಒಂದ ಕೊರತಿ ಉಳೀತು ನೋಡು. ಎರಡು ಬಾಗಲಾ ಅಂದಿ, ಹೊರಗ ತಗೀತಾವು ಅಂದಿ. ಯಾಕ ಅಂತ ಹೇಳಲಿಲ್ಲ. ಕಾರಣ ಹೇಳದ ಬಿಟ್ರ ನಾಳೆ ಯಾವನರೆ ಬಂದು ಆ ಬಾಗಲಾ ಮುಚ್ಚತಾನ."

ಅಷ್ಟೇ. ಯಾರು ಹೇಳಿದ್ದು ಎಂಬ ಮಾತೇ ಅವರ ಬಾಯಿಂದ ಬರಲಿಲ್ಲ.

ಅವರಿಗೆ ಎದೆನೋವು ಬಂದು ಮಲಗಿದಾಗ ನೋಡಲು ಹೋದೆ. ಇವತ್ತು ಕೇಳಿಯೇ ಬಿಡುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಮಗ್ಗುಲಲ್ಲಿ ಕೂತೆ. ಕೈ ಹಿಡಿದುಕೊಂಡೆ. ಗೆಣ್ಣು ಇನ್ನೂ ದಪ್ಪಗಿತ್ತು, ಬೆರಳು ಮಾತ್ರ ತೆಳ್ಳಗಾಗಿತ್ತು.

"ಕಾಕಾ, ಅವತ್ತ ಸಾಲ್ಯಾಗ ನಾ ಒಂದು ಮಾತು ಅಂದಿದ್ದೆ..."

ಅವರ ಕಣ್ಣು ಮಿನುಗಿದವು. "ತಪ್ಪಾತು ಅನ್ನಾಕ ಬಂದೀಯೇನ್ಲೇ? ಅನ್ನು. ಆದ್ರ ಯಾಕ ತಪ್ಪಾತು ಅಂತ ಕಾರಣನೂ ಹೇಳು. ಬರೇ ತಪ್ಪಾತು ಅಂದ್ರ ನಾ ಬಡದು ನೋಡಾಂವ!" ಎಂದು ಮಂಚದ ಪಟ್ಟಿಯ ಮೇಲೆ ಮೆಲ್ಲಗೆ ಟಕ್ ಟಕ್ ಎನಿಸಿದರು.

ಅದು ತಮಾಷೆ. ನನಗೆ ಗೊತ್ತಿತ್ತು. ಕಾರಣವೂ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ನಾನು ಎಷ್ಟು ಸಣ್ಣವನೆಂದು ಅವರಿಗಲ್ಲ, ನನಗೇ ಕೇಳಿಸಿಬಿಡುತ್ತಿತ್ತು. "ಅಲ್ಲ ಕಾಕಾ, ಮೊಮ್ಮಗನ ಹೆಸರಿಡೂದೈತಿ, ದೊಡ್ಡ ಡಬರಿ ಖಾಲಿ ಅದಾವೇನು ಅಂತ ಕೇಳಾಕ ಬಂದೆ" ಎಂದೆ.

ಅವರು ಬೆರಳು ಮಡಚಿಕೊಂಡರು. "ಅದಾವು. ಒಯ್ಯಿ" ಎಂದರು.

ಡಬರಿ ವಾಪಸು ಕೊಡಲು ಹೋದಾಗ ಬಡಿದು ನೋಡುವವರು ಇರಲಿಲ್ಲ. ಮಗ ಅವನ್ನು ಹಾಗೆಯೇ ಒಳಗೆ ಇಟ್ಟ.

ಇದೆಲ್ಲ 'ಆಮೇಲೆ ಹೇಳೋಣ' ಎಂದು ಉಳಿದಿತ್ತು. ಹೋದ ವಾರ ಹೊಸ ಕಮಿಟಿಯವರು ಸಭೆ ಕರೆದರು. ರುದ್ರಪ್ಪನ ಮಗ ಈರಣ್ಣ ಈಗ ಅಧ್ಯಕ್ಷ, ಚುರುಕು ಹುಡುಗ. ಮೈಕು ಹಿಡಿದು ಹೇಳಿದ, "ಪೂರ್ವದ ಬಾಗಲಾ ಯಾರೂ ಬಳಸೂದಿಲ್ಲ. ಅದನ್ನ ಕಟ್ಟಿ ಕುರ್ಚಿ ಇಡೂ ಖೋಲಿ ಮಾಡೂಣು. ಭವನ ಕಟ್ಟಿ ಇಷ್ಟು ವರ್ಷ ಆತು, ಒಂದರೆ ಸಲ ಬೆಂಕಿ ಬಿದ್ದೈತೇನ್ರಿ?"

ನನ್ನದೇ ಮಾತು! ಆ ಪಡಸಾಲೆಯಲ್ಲಿ ನಾನಾಡಿದ ಮಾತು, ಅದೇ ಬಟ್ಟೆ ಉಟ್ಟು ನನ್ನ ಎದುರಿಗೆ ಬಂದು ನಿಂತಿತ್ತು. ನನಗೆ ಅರಿವಿಲ್ಲದೆಯೇ ಮುಂದಿನ ಕುರ್ಚಿಯ ಬೆನ್ನಿನ ಮೇಲೆ ನನ್ನ ಬೆರಳು ಟಕ್ ಟಕ್ ಎಂದಿತು.

"ಟೊಳ್ಳೈತಿ ಈರಣ್ಣ!"

ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು ನಿಂತಿದ್ದೆ. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. "ಛತ್ರಿ ಹಿಡದಾಂವ, ನಾ ತೊಯ್ದಿಲ್ಲ, ಇನ್ನ ಛತ್ರಿ ಯಾಕ ಅಂತ ಒಗದಂಗಾತು ನಿನ್ನ ಮಾತು. ಬೆಂಕಿ ಬಿದ್ದಿಲ್ಲ ಖರೆ. ಬಿದ್ದ ದಿನಾ ಆ ಬಾಗಲಾ ಎಲ್ಲಿಂದ ತರ್ತಿ?"

ಈರಣ್ಣ ನಕ್ಕು ಕೈ ಮುಗಿದ. "ಆತ್ರಿ ಅಜ್ಜಾರ. ನೀವ ಮುಂದ ನಿಂತು ಮಾಡಿಸಿದ ಬಾಗಲಾ. ನೀವು ಬ್ಯಾಡ ಅಂದ್ರ ಮುಗೀತು. ಇರ್ಲಿ ಬಿಡ್ರಿ." ಎಲ್ಲರೂ ಹೌದೌದು ಎಂದರು. ಚಪ್ಪಾಳೆಯೂ ಬಿತ್ತು.

ಗೆದ್ದಿದ್ದೆ. ಆದರೆ ಕಿವಿಯಲ್ಲಿ ಸೀಳು ಬಿಟ್ಟ ಡಬರಿಯ ಕೆಮ್ಮು. ಅವತ್ತು ಒಬ್ಬರ ಮಾತನ್ನು ಅವರ ಮುಖ ನೋಡಿ ತಳ್ಳಿದ್ದೆವು. ಇವತ್ತು ನನ್ನ ಮಾತನ್ನು ನನ್ನ ಮುಖ ನೋಡಿ ಒಪ್ಪುತ್ತಿದ್ದಾರೆ. ಎರಡೂ ಒಂದೇ. ನಾನು ಸತ್ತ ಮರುದಿನ ಅಲ್ಲಿ ಇಟ್ಟಿಗೆ ಏಳುತ್ತವೆ.

"ಏಳಬ್ಯಾಡ್ರಿ, ಕೇಳ್ರಿ" ಎಂದೆ. "ನನ್ನ ಮಾತಂತ ಇಟ್ಕೋಬ್ಯಾಡ್ರಿ. ಅದು ನನ್ನ ಬಾಗಲಾನ ಅಲ್ಲ. ನಾನು ಅದನ್ನ ಬ್ಯಾಡ ಅಂದಾಂವ!" ಆಮೇಲೆ ಎಲ್ಲವನ್ನೂ ಹೇಳಿದೆ, ಹಂದರ, ಹುಲಿಯ ಬಾಯಿ, ಮೆಣಸಿನಕಾಯಿ, ಒಳಗೆ ಬರಲಾರದ ಕದ. ಬೇಕಾದರೆ ನಾಳೆಯೇ ಒಂದು ಹಿಡಿ ಮೆಣಸಿನಕಾಯಿ ತನ್ನಿ, ನಾನೇ ಒಳಗೆ ಕೂರುತ್ತೇನೆ ಎಂದೆ. ಹುಡುಗರು ಬಾಯಿ ಬಿಟ್ಟು ಕೇಳಿದರು. ಈರಣ್ಣ ಎದ್ದು ಹೋಗಿ ಪೂರ್ವದ ಕದವನ್ನು ತಾನೇ ಹೊರಗೆ ದೂಡಿದ, ಒಳಗೆ ಎಳೆದ, ಮತ್ತೆ ದೂಡಿದ. ಅವನಿಗೆ ತಿಳಿಯಿತು. ಅವನ ಮುಖದಲ್ಲಿ ಕಂಡೆ.

"ಖರೆ ಐತ್ರಿ ಅಜ್ಜಾರ. ಆದ್ರ ನಾವು ಆಗ ಸಣ್ಣಾವ್ರು. ಆ ಟಕಟಕ ಕಾಕಾ ಅಂದ್ರ ಯಾರ್ರಿ? ಹೆಸರೇನು?"

ಹೇಳಲು ಬಾಯಿ ತೆರೆದೆ. ಕಲ್ಲಿನಲ್ಲಿ ಜಾಗವಿಲ್ಲ ಎಂದ ಬಾಯಿಗೆ ಆ ಹೆಸರು ಬರಲಿಲ್ಲ. ರುದ್ರಪ್ಪ ನೆಲ ನೋಡುತ್ತ ಕೂತಿದ್ದ. ನಾನು ಕೈ ಸನ್ನೆ ಮಾಡಿ ಹೊರಗೆ ಬಂದುಬಿಟ್ಟೆ. ಬರುವಾಗ ಮುಂಬಾಗಿಲ ಪಕ್ಕದ ಕಲ್ಲನ್ನು ನೋಡಿದೆ. ನನ್ನ ಹೆಸರಿನ ಕೆಳಗೆ ಜಾಗವಿದೆ, ಕೈಯಗಲದಷ್ಟು. ಅವತ್ತೂ ಇತ್ತು.

ಕಾಕಾ, ತಪ್ಪಾಯಿತು. ಯಾಕೆಂದರೆ, ನೀವು ಹೇಳುತ್ತಿದ್ದದ್ದು ಸರಿ ಎಂದು ನನಗೆ ಅಲ್ಲೇ, ಆ ಪಡಸಾಲೆಯಲ್ಲೇ ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಆ ಮಾತು ಆಡಿದೆ. ಇದೇ ಕಾರಣ. ಬಡಿದು ನೋಡಿ.

ಈರಣ್ಣ, ನೀನು ಕೇಳಿದ ಹೆಸರು, ಮಾತು ಬಡಿದು ನೋಡುವ ಮೊದಲೇ ಯಾರೂ ಹೆಸರು ನೋಡಬಾರದೆಂದು ಕೊನೆಗೆ ಇಟ್ಟ ಹೆಸರು, ಕಲ್ಲಿನಲ್ಲಿ ಕೆತ್ತಿಸಬೇಕಾದ ಹೆಸರು: ದಾವಲಸಾಬ ಇಮಾಮಸಾಬ ನದಾಫ.